ಎರಡು ಅಂಗಡಿಗಳ ಊರು

ಇಂಗ್ಲೆಂಡಿನ ಗ್ರ್ಯಾಂಥಮ್ ಪಟ್ಟಣದ ಹೈ ಸ್ಟ್ರೀಟಿನಲ್ಲಿ, ಜಾರ್ಜ್ ಎಂಬ ಹೆಸರಾಂತ ವಸತಿಗೃಹದ ಪಕ್ಕದಲ್ಲಿ, ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಒಂದು ಔಷಧದ ಅಂಗಡಿಯಿತ್ತು. ನಮ್ಮ ಪೇಟೆಬೀದಿಗಳ ಗ್ರಂಥಿಗೆ ಅಂಗಡಿಯನ್ನು ನೆನೆಸಿಕೊಂಡರೆ ಅಂಥ ಅಂಗಡಿಯ ಚಿತ್ರ ಕಣ್ಣಿಗೆ ಕಟ್ಟೀತು. ಒಣಗಿದ ಬೇರು, ತೊಗಟೆ, ಎಲೆ, ಬೀಜಗಳ ವಾಸನೆ. ಸಾಲಾಗಿ ಜೋಡಿಸಿದ ಭರಣಿಗಳು. ಕುಟ್ಟಿ ಪುಡಿ ಮಾಡಲು ಕಲ್ಬತ್ತು. ಗುಂಜಿ ತೂಕವನ್ನೂ ಬಿಡದೆ ತೂಗುವ ಪುಟ್ಟ ತಕ್ಕಡಿ. ಆ ಮನೆಯ ಅಟ್ಟದ ಕೋಣೆಯಲ್ಲಿ ಶಾಲೆಗೆ ಹೋಗುವ ಹುಡುಗನೊಬ್ಬ ವಾಸಕ್ಕಿದ್ದ. ಅವನು ಗೋಡೆಯ ತುಂಬ ಇದ್ದಿಲಿನಿಂದ ಹಕ್ಕಿ, ಪ್ರಾಣಿ, ಮನುಷ್ಯರು, ಹಡಗುಗಳ ಚಿತ್ರ ಬರೆದಿದ್ದ. ಚಿತ್ರಗಳ ನಡುವೆ ವೃತ್ತ, ತ್ರಿಕೋನಗಳೂ ಇದ್ದವು.

ಆ ಹುಡುಗನ ಹೆಸರು ಐಸಾಕ್ ನ್ಯೂಟನ್.

ಇಂದು ಆ ಅಂಗಡಿಯಿಲ್ಲ, ಅಟ್ಟವಿಲ್ಲ, ಚಿತ್ರಗಳಿದ್ದ ಗೋಡೆಯೂ ಇಲ್ಲ. ಹಾಗಿದ್ದರೂ ಗೋಡೆಯ ಮೇಲೆ ಏನೇನು ಇತ್ತೆಂಬುದು ನಮಗೆ ಗೊತ್ತಿದೆ. ಇದು ಹೇಗೆ?

ಅದೇ ಊರಿನ ಉತ್ತರದ ಕಡೆ, ಕಾಲ್ನಡಿಗೆಯಲ್ಲಿ ತಲುಪಬಹುದಾದಷ್ಟು ಹತ್ತಿರದಲ್ಲಿ, ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಇನ್ನೊಂದು ಕಟ್ಟಡವಿದೆ. ಅದೂ ಒಂದು ಕಾಲದಲ್ಲಿ ಅಂಗಡಿಯೇ, ದಿನಸಿ ಅಂಗಡಿ. ಅದರ ಮೇಲ್ಮಹಡಿಯಲ್ಲಿ ೧೯೨೫ರ ಅಕ್ಟೋಬರ್ ೧೩ರಂದು ಹುಟ್ಟಿದ ಹೆಣ್ಣುಮಗು ಮುಂದೆ ಬ್ರಿಟನ್ನಿನ ಮೊದಲ ಮಹಿಳಾ ಪ್ರಧಾನಿಯಾಯಿತು. ಮಾರ್ಗರೆಟ್ ಥ್ಯಾಚರ್ ಅವರ ಜನ್ಮಸ್ಥಳವದು.

ಒಂದು ಅಂಗಡಿ ಅಳಿದಿದೆ, ಇನ್ನೊಂದರ ಗೋಡೆ ನಿಂತಿದೆ. ಈ ಎರಡು ಅಂಗಡಿಗಳ ಕಥೆಯಲ್ಲಿ ಓದುವ ಮಕ್ಕಳಿಗೂ ಓದಿಸುವ ತಂದೆತಾಯಿಗಳಿಗೂ ತಿಳಿಯಬೇಕಾದ ಸಂಗತಿಗಳಿವೆ.

ಹೆದ್ದಾರಿಯ ಮೇಲಿನ ಊರು

ಗ್ರ್ಯಾಂಥಮ್ ಲಂಡನ್ನಿನಿಂದ ಉತ್ತರಕ್ಕೆ ಸುಮಾರು ೧೧೦ ಮೈಲಿ ದೂರದಲ್ಲಿ, ಲಿಂಕನ್‌ಷೈರಿನಲ್ಲಿ, ವಿದಮ್ ಎಂಬ ಚಿಕ್ಕ ನದಿಯ ದಡದಲ್ಲಿದೆ. ಜನಸಂಖ್ಯೆ ಸುಮಾರು ೪೫ ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ತಾಲ್ಲೂಕು ಕೇಂದ್ರ ಎನ್ನಬಹುದು. ಲಂಡನ್ನಿನಿಂದ ಯಾರ್ಕ್ ನಗರಕ್ಕೂ ಅಲ್ಲಿಂದ ಮುಂದೆ ಸ್ಕಾಟ್ಲೆಂಡಿಗೂ ಹೋಗುವ 'ಗ್ರೇಟ್ ನಾರ್ತ್ ರೋಡ್' ಎಂಬ ಪುರಾತನ ಹೆದ್ದಾರಿ ಈ ಊರಿನ ನಡುವೆಯೇ ಹಾದುಹೋಗುತ್ತಿತ್ತು. ರೈಲು ಇಲ್ಲದ ಕಾಲದಲ್ಲಿ ದೊರೆಗಳು, ವ್ಯಾಪಾರಿಗಳು, ಟಪ್ಪಾಲಿನ ಸಾರೋಟುಗಳು ಎಲ್ಲವೂ ಈ ದಾರಿ ಹಿಡಿದೇ ಸಾಗಬೇಕಿತ್ತು. ಕುದುರೆ ಬದಲಿಸಬೇಕು, ಉಂಡು ಮಲಗಬೇಕು. ಆದ್ದರಿಂದ ಹೈ ಸ್ಟ್ರೀಟಿನ ಉದ್ದಕ್ಕೂ ವಸತಿಗೃಹಗಳು ಎದ್ದವು.

ಅವುಗಳಲ್ಲಿ ಹಿರಿಯದು ಏಂಜೆಲ್. ಇಂಗ್ಲೆಂಡಿನ ಅತ್ಯಂತ ಹಳೆಯ ವಸತಿಗೃಹಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಈ ಜಾಗದಲ್ಲಿ ೧೨೧೩ರಲ್ಲಿ ಜಾನ್ ದೊರೆ ದರ್ಬಾರು ನಡೆಸಿದನೆಂದು ಹೇಳುತ್ತಾರೆ. ಈಗ ಕಾಣುವ ಕಲ್ಲಿನ ಮುಂಭಾಗ ೧೫ನೆಯ ಶತಮಾನದ್ದು. ಹೆಬ್ಬಾಗಿಲ ಕಮಾನಿನ ಮೇಲೆ ಕಿರೀಟ ಹಿಡಿದ ದೇವದೂತೆಯ ಕೆತ್ತನೆಯಿದೆ. ೧೪೮೩ರ ಅಕ್ಟೋಬರಿನಲ್ಲಿ ಮೂರನೆಯ ರಿಚರ್ಡ್ ದೊರೆ ಇಲ್ಲಿ ತಂಗಿದ್ದಾಗ, ತನ್ನ ವಿರುದ್ಧ ಬಂಡೆದ್ದ ಬಕಿಂಗ್‌ಹ್ಯಾಮ್ ಡ್ಯೂಕನನ್ನು ಹತ್ತಿಕ್ಕುವ ಆಜ್ಞೆಗಾಗಿ ರಾಜಮುದ್ರೆಯನ್ನು ತರಿಸಿಕೊಂಡ. ಮರುತಿಂಗಳು ಡ್ಯೂಕನ ತಲೆ ಉರುಳಿತು. ೧೮೬೬ರಲ್ಲಿ ವೇಲ್ಸಿನ ರಾಜಕುಮಾರ ಬಂದುಹೋದ ಮೇಲೆ ಇದು 'ಏಂಜೆಲ್ ಅಂಡ್ ರಾಯಲ್' ಎಂದಾಯಿತು.

ಈ ವಸತಿಗೃಹದ ಒಬ್ಬ ಮಾಲೀಕನ ವಿಚಾರ ಸ್ವಾರಸ್ಯವಾಗಿದೆ. ಮೈಕೇಲ್ ಸಾಲೊಮನ್ ಎಂಬ ಆತ ೧೭೦೬ರಲ್ಲಿ ತೀರಿಕೊಂಡ. ಬದುಕಿಡೀ ಹೆಂಡ ಮಾರಿದ ಮನುಷ್ಯ ಸಾಯುವ ಮುನ್ನ ವರ್ಷಕ್ಕೆ ೪೦ ಷಿಲಿಂಗಿನ ದತ್ತಿಯಿಟ್ಟ. ಯಾವುದಕ್ಕೆ ಗೊತ್ತೇ? ಪ್ರತಿವರ್ಷ ಊರಿನ ಚರ್ಚಿನಲ್ಲಿ ಕುಡಿತದ ವಿರುದ್ಧ ಒಂದು ಉಪದೇಶ ನಡೆಯಲೆಂದು! ಗಿರಾಕಿಗಳ ಕಷ್ಟಸುಖವನ್ನು ಅವನಷ್ಟು ಹತ್ತಿರದಿಂದ ಕಂಡವರಾರು?

ಅದೇ ಬೀದಿಯ ಜಾರ್ಜ್ ವಸತಿಗೃಹವೂ ಕಡಿಮೆಯದಲ್ಲ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ೧೮೩೮ರ ಜನವರಿಯಲ್ಲಿ ಇಲ್ಲಿ ಒಂದು ರಾತ್ರಿ ಕಳೆದ. ಯಾರ್ಕ್‌ಷೈರಿನ ಕೆಲವು ವಸತಿಶಾಲೆಗಳಲ್ಲಿ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಬಡಿಯುತ್ತಾರೆಂಬ ದೂರುಗಳಿದ್ದವು. ಅದನ್ನು ಕಣ್ಣಾರೆ ಕಾಣಲು ಅವನು ಹೊರಟಿದ್ದ. ಆ ಪ್ರಯಾಣದ ಫಲವಾದ 'ನಿಕೊಲಸ್ ನಿಕಲ್ಬಿ' ಕಾದಂಬರಿಯಲ್ಲಿ ಗ್ರ್ಯಾಂಥಮಿನ ಜಾರ್ಜ್ ಕೂಡ ಬರುತ್ತದೆ.

೧೮೫೨ರಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ರೈಲುದಾರಿ ಬಂತು. ಸಾರೋಟುಗಳ ಕಾಲ ಮುಗಿಯಿತು. ೧೯೬೨ರಲ್ಲಿ ಊರನ್ನು ಬಳಸಿ ಹೋಗುವ ಬೈಪಾಸ್ ರಸ್ತೆಯಾಯಿತು. ಹೆದ್ದಾರಿಯ ಗದ್ದಲವೂ ದೂರ ಸರಿಯಿತು. ಏಂಜೆಲ್ ಇಂದಿಗೂ ಕಲ್ಲಿನಂತೆ ನಿಂತಿದೆ. ಜಾರ್ಜ್ ಮಾತ್ರ ೨೦ನೆಯ ಶತಮಾನದ ಕೊನೆಯ ಹೊತ್ತಿಗೆ ಬಗೆಬಗೆಯ ಮಳಿಗೆಗಳ ಸಂಕೀರ್ಣವಾಗಿ ಬದಲಾಯಿತು.

ನೀರು, ಪುಸ್ತಕ ಮತ್ತು ಜೇನು

ಗ್ರ್ಯಾಂಥಮ್ ಎಂದಾಗ ಕನ್ನಡದ ಕಿವಿಗೆ 'ಗ್ರಂಥ' ಎಂದು ಕೇಳಿಸಬಹುದು. ಎರಡಕ್ಕೂ ಸಂಬಂಧವಿಲ್ಲ. ಆದರೂ ಇದು ಗ್ರಂಥಗಳಿಗೆ ಸರಪಳಿ ಹಾಕಿ ಕಾಪಾಡಿದ ಊರು. ಇಲ್ಲಿಯ ಸೇಂಟ್ ವುಲ್ಫ್ರಮ್ ಚರ್ಚಿನ ದಕ್ಷಿಣ ದ್ವಾರದ ಮೇಲೆ ಒಂದು ಪುಟ್ಟ ಕೋಣೆಯಿದೆ. ಫ್ರಾನ್ಸಿಸ್ ಟ್ರಿಗ್ ಎಂಬ ಪಾದ್ರಿ ೧೫೯೮ರಲ್ಲಿ ಅಲ್ಲಿ ಪುಸ್ತಕಭಂಡಾರವೊಂದನ್ನು ಸ್ಥಾಪಿಸಿದ. ಪಾದ್ರಿಗಳಷ್ಟೇ ಅಲ್ಲದೆ ಊರಿನ ನಿವಾಸಿಗಳೂ ಅಲ್ಲಿ ಕುಳಿತು ಓದಬಹುದಿತ್ತು. ಇಂಗ್ಲೆಂಡಿನ ಮೊದಲ ಸಾರ್ವಜನಿಕ ಗ್ರಂಥಾಲಯವೆಂಬ ಹಿರಿಮೆಯನ್ನು ಹಲವರು ಇದಕ್ಕೇ ಕೊಡುತ್ತಾರೆ. ಪುಸ್ತಕ ಬಂಗಾರದಷ್ಟು ದುಬಾರಿಯಾಗಿದ್ದ ಕಾಲ. ಯಾರೂ ಎತ್ತಿಕೊಂಡು ಹೋಗದಂತೆ ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದರು. ಎಂಬತ್ತಕ್ಕೂ ಹೆಚ್ಚು ಪುಸ್ತಕಗಳಿಗೆ ಈಗಲೂ ಆ ಸರಪಳಿಗಳಿವೆ.

ಅದಕ್ಕೆ ಒಂದು ವರ್ಷ ಮೊದಲು, ೧೫೯೭ರಲ್ಲಿ, ಸಂತೆಮಾಳದಲ್ಲಿ ಕಲ್ಲಿನ ಪುಟ್ಟ ಕಟ್ಟಡವೊಂದು ಎದ್ದಿತ್ತು. ಊರ ಹೊರಗಿನ ಚಿಲುಮೆಯ ನೀರನ್ನು ಕೊಳವೆಯಲ್ಲಿ ತಂದು ಜನರಿಗೆ ಹಂಚುವ ನೀರಿನ ಮನೆ ಅದು. ಒಂದು ವರ್ಷ ನೀರು, ಮರುವರ್ಷ ಪುಸ್ತಕ. ಊರೊಂದು ತನ್ನ ಮಕ್ಕಳಿಗೆ ಕೊಡಬಹುದಾದ ಎರಡು ದೊಡ್ಡ ಆಸ್ತಿಗಳನ್ನು ಗ್ರ್ಯಾಂಥಮ್ ಬೆನ್ನುಬೆನ್ನಿಗೆ ಕೊಟ್ಟಿತ್ತು.

ಸೇಂಟ್ ವುಲ್ಫ್ರಮ್ ಚರ್ಚಿನ ಗೋಪುರದ ಎತ್ತರ ೨೮೨ ಅಡಿ, ಎಂದರೆ ಸುಮಾರು ೮೬ ಮೀಟರು. ಸುತ್ತಲ ಹೊಲಗಳಿಂದ ಬಹುದೂರಕ್ಕೆ ಕಾಣುತ್ತದೆ. ಊರಿನ ಇನ್ನೊಂದು ಅಚ್ಚರಿ ಕ್ಯಾಸಲ್‌ಗೇಟ್ ಬೀದಿಯ 'ಬೀಹೈವ್' ಎಂಬ ಪಾನಗೃಹ. ಬೀಹೈವ್ ಎಂದರೆ ಜೇನುಗೂಡು. ಬೇರೆಯವರು ಹಲಗೆಯ ಮೇಲೆ ಚಿತ್ರ ಬರೆಸಿ ತೂಗುಹಾಕುತ್ತಿದ್ದರೆ, ಇಲ್ಲಿ ಬಾಗಿಲೆದುರಿನ ಮರದ ಮೇಲೆ ನಿಜವಾದ ಜೇನುಪೆಟ್ಟಿಗೆಯನ್ನೇ ಇಟ್ಟರು. ೧೯ನೆಯ ಶತಮಾನದಲ್ಲಿಯೇ ಈ ಜೀವಂತ ನಾಮಫಲಕ ಹೆಸರಾಗಿತ್ತು.

ಅರಮನೆ, ಚರ್ಚು, ಛತ್ರಗಳು ಹೀಗೆ ಶತಮಾನಗಳ ಕಾಲ ಉಳಿಯುತ್ತವೆ. ಅಂಗಡಿಗಳಿಗೆ ಆ ಭಾಗ್ಯ ಕಡಿಮೆ. ವ್ಯಾಪಾರ ಬದಲಾದರೆ ಬಾಗಿಲು ಬದಲಾಗುತ್ತದೆ, ಒಡೆಯ ಬದಲಾದರೆ ಗೋಡೆಯೂ ಬದಲಾಗುತ್ತದೆ. ಆದರೆ ಊರಿನ ಮಕ್ಕಳು ಬೆಳೆಯುವುದು ದೊರೆ ಮಲಗಿದ್ದ ಕೋಣೆಯಲ್ಲಲ್ಲ. ಅಂಗಡಿಯ ಜಗಲಿಯ ಮೇಲೆ, ಹಿತ್ತಲಿನಲ್ಲಿ, ಅಟ್ಟದಲ್ಲಿ.

ಔಷಧದ ಅಂಗಡಿಯ ಅಟ್ಟ

ನ್ಯೂಟನ್ ಗ್ರ್ಯಾಂಥಮಿನವನಲ್ಲ. ಅಲ್ಲಿಂದ ಏಳು ಮೈಲಿ ದಕ್ಷಿಣದ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯ ರೈತನ ಮಗ. ಆಗಿನ ಇಂಗ್ಲಿಷ್ ಪಂಚಾಂಗದಂತೆ ೧೬೪೨ರ ಕ್ರಿಸ್‌ಮಸ್ ದಿನ ಹುಟ್ಟಿದ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದ. ಮೂರು ವರ್ಷದವನಿದ್ದಾಗ ತಾಯಿ ಮರುಮದುವೆಯಾಗಿ ಬೇರೆ ಊರಿಗೆ ಹೋದಳು. ಮಗು ಅಜ್ಜಿಯ ಮಡಿಲಿಗೆ ಬಿತ್ತು. ೧೬೫೫ರ ಸುಮಾರಿಗೆ, ಹನ್ನೆರಡರ ವಯಸ್ಸಿನಲ್ಲಿ, ಅವನನ್ನು ಗ್ರ್ಯಾಂಥಮಿನ ಶಾಲೆಗೆ ಹಾಕಿದರು. ದಿನವೂ ಏಳು ಮೈಲಿ ಹೋಗಿ ಬರುವುದು ಆಗದ ಮಾತು. ಹಾಗಾಗಿ ಕ್ಲಾರ್ಕ್ ಎಂಬ ಔಷಧ ವ್ಯಾಪಾರಿಯ ಮನೆಯಲ್ಲಿ ಊಟ ವಸತಿಗಳ ಏರ್ಪಾಡಾಯಿತು.

ಶಾಲೆಯಲ್ಲಿ ಮುಖ್ಯವಾಗಿ ಲ್ಯಾಟಿನ್ ಕಲಿಸುತ್ತಿದ್ದರು. ವಿಜ್ಞಾನವೆಂಬ ಪಾಠವೇ ಇರಲಿಲ್ಲ. ಮೊದಮೊದಲು ನ್ಯೂಟನ್ ತರಗತಿಯಲ್ಲಿ ಬಹಳ ಹಿಂದಿದ್ದನಂತೆ. ಒಮ್ಮೆ ತನಗಿಂತ ಮುಂದಿದ್ದ ಹುಡುಗನೊಬ್ಬ ಹೊಟ್ಟೆಗೆ ಒದ್ದ. ಶಾಲೆ ಬಿಟ್ಟ ಮೇಲೆ ನ್ಯೂಟನ್ ಅವನೊಡನೆ ಹೊಡೆದಾಡಿ ಗೆದ್ದ. ಅಷ್ಟಕ್ಕೇ ತೃಪ್ತಿಯಾಗದೆ ಓದಿನಲ್ಲೂ ಅವನನ್ನು ಸೋಲಿಸಬೇಕೆಂದು ಹಟ ತೊಟ್ಟು ಮೊದಲ ಸ್ಥಾನಕ್ಕೇರಿದ. ಆ ಶಾಲೆಯ ಹಳೆಯ ಕಟ್ಟಡ ಇಂದಿಗೂ ಇದೆ. ಅದರ ಕಿಟಕಿಯೊಂದರ ಕಲ್ಲಿನ ಮೇಲೆ ಕೊರೆದಿರುವ 'ನ್ಯೂಟನ್' ಎಂಬ ಹೆಸರನ್ನು ತೋರಿಸುತ್ತಾರೆ. ಮೇಜಿನ ಮೇಲೆ ಹೆಸರು ಕೆತ್ತಿ ಬೈಸಿಕೊಳ್ಳುವ ಹುಡುಗರು ಇದನ್ನು ನೆಪ ಮಾಡಿಕೊಳ್ಳದಿದ್ದರೆ ಸಾಕು!

ಆದರೆ ಅವನ ನಿಜವಾದ ಪಾಠಶಾಲೆ ಕ್ಲಾರ್ಕನ ಮನೆ. ತಾಯಿ ಕೈಖರ್ಚಿಗೆ ಕೊಟ್ಟ ಕಾಸಿನಲ್ಲಿ ಅವನು ಸಣ್ಣ ಗರಗಸ, ಕೊಡಲಿ, ಸುತ್ತಿಗೆ ಕೊಂಡ. ಬೇರೆ ಹುಡುಗರು ಆಟಕ್ಕೆ ಹೋದಾಗ ಇವನು ಕೋಣೆಯಲ್ಲಿ ಮರ ಕೊಯ್ಯುತ್ತ ಕೂರುತ್ತಿದ್ದ. ಊರಿನ ಉತ್ತರಕ್ಕೆ ಹೊಸದಾಗಿ ಗಾಳಿಗಿರಣಿ ಕಟ್ಟುತ್ತಿದ್ದರು. ದಿನವೂ ಹೋಗಿ ಕೆಲಸಗಾರರನ್ನು ನೋಡಿಕೊಂಡು ಬಂದು ಅದರ ಪುಟ್ಟ ಮಾದರಿಯನ್ನು ಮಾಡಿದ. ಬಟ್ಟೆಯ ರೆಕ್ಕೆ ಕಟ್ಟಿ ಮನೆಯ ಮೇಲಿಟ್ಟರೆ ಗಾಳಿಗೆ ತಿರುಗುತ್ತಿತ್ತು. ಗಾಳಿಯಿಲ್ಲದಾಗ? ಅದಕ್ಕೂ ಉಪಾಯ ಹೂಡಿದ. ಒಳಗೆ ಒಂದು ಇಲಿಯನ್ನು ಬಿಟ್ಟ. ಅದು ಓಡಿದರೆ ಗಿರಣಿ ತಿರುಗುತ್ತಿತ್ತು. ಅದನ್ನು 'ಗಿರಣಿಯ ಯಜಮಾನ' ಎಂದು ಕರೆದು, ಬೀಸಲು ಕೊಟ್ಟ ಕಾಳನ್ನೆಲ್ಲ ಯಜಮಾನನೇ ತಿಂದುಬಿಡುತ್ತಾನೆ ಎಂದು ತಮಾಷೆ ಮಾಡುತ್ತಿದ್ದ.

ಮನೆಯವರಿಂದ ಬೇಡಿ ತಂದ ಮರದ ಪೆಟ್ಟಿಗೆಯಿಂದ ಸುಮಾರು ನಾಲ್ಕಡಿ ಎತ್ತರದ ನೀರಿನ ಗಡಿಯಾರ ಮಾಡಿದ. ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕಿದಂತೆ ಒಳಗಿನ ಮರದ ತುಂಡು ಚಲಿಸಿ ಮುಳ್ಳನ್ನು ತಿರುಗಿಸುತ್ತಿತ್ತು. ಬೆಳಿಗ್ಗೆ ಎದ್ದವನೇ ಅದಕ್ಕೆ ನೀರು ತುಂಬುವುದು ಅವನ ಕೆಲಸ. ಹೊತ್ತೆಷ್ಟೆಂದು ತಿಳಿಯಲು ಮನೆಮಂದಿ ಅವನ ಕೋಣೆಗೆ ಬರತೊಡಗಿದರು. ಬಹಳ ವರ್ಷಗಳ ನಂತರ, ಪ್ರಸಿದ್ಧನಾದ ಮೇಲೆ, ಇಂಥ ಗಡಿಯಾರದ ದೋಷವನ್ನೂ ಅವನೇ ವಿವರಿಸಿದ. ನೀರಿನಲ್ಲಿರುವ ಕಲ್ಮಶ ಕಟ್ಟಿಕೊಂಡು ರಂಧ್ರ ಚಿಕ್ಕದಾಗುತ್ತ ಹೋಗುತ್ತದೆ. ಮರಳು ಗಡಿಯಾರದಲ್ಲಿ ಇದಕ್ಕೆ ತದ್ವಿರುದ್ಧ: ಮರಳು ಉಜ್ಜಿ ಉಜ್ಜಿ ರಂಧ್ರ ದೊಡ್ಡದಾಗುತ್ತದೆ. ಕೈಯಾರೆ ಮಾಡಿದವನಿಗೆ ಮಾತ್ರ ಹೊಳೆಯುವ ಮಾತಿದು.

ಮನೆಯ ಅಂಗಳದ ಗೋಡೆ, ಮಾಡುಗಳ ಮೇಲೆ ಬಿಸಿಲು ಬೀಳುವುದನ್ನು ಗುರುತಿಸುತ್ತ ಅಲ್ಲಲ್ಲಿ ಗೂಟ ಹೊಡೆದ. ಇಂಗ್ಲೆಂಡಿನ ಆ ಭಾಗದಲ್ಲಿ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಕೇವಲ ೧೪ ಡಿಗ್ರಿ ಮೇಲಿರುತ್ತಾನೆ. ಒಂದಡಿ ಗೂಟಕ್ಕೆ ನಾಲ್ಕಡಿ ನೆರಳು! ಬೇಸಿಗೆಯಲ್ಲಿ ಅದೇ ನೆರಳು ಅರ್ಧ ಅಡಿಗೆ ಇಳಿಯುತ್ತದೆ. ಹೀಗೆ ವರ್ಷಗಟ್ಟಲೆ ಗಮನಿಸಿ ಅವನು ಗುರುತುಗಳನ್ನು ತಿದ್ದಿದ. ಕೊನೆಗೆ ಅಕ್ಕಪಕ್ಕದವರು ಹೊತ್ತು ತಿಳಿಯಲು 'ಐಸಾಕನ ಗಡಿಯಾರ'ವನ್ನು ನೋಡುವಷ್ಟು ಅದು ನಂಬಿಕೆ ಗಳಿಸಿತು.

ತುಂಟತನಕ್ಕೂ ಕೊರತೆಯಿರಲಿಲ್ಲ. ಚಳಿಗಾಲದ ಮುಂಜಾವಿನ ಕತ್ತಲಲ್ಲಿ ಶಾಲೆಗೆ ಹೋಗಲು ಕಾಗದದ ಲಾಂದ್ರ ಮಾಡಿಕೊಂಡಿದ್ದ. ಅದನ್ನೇ ರಾತ್ರಿ ಗಾಳಿಪಟದ ಬಾಲಕ್ಕೆ ಕಟ್ಟಿ ಹಾರಿಸಿದ. ಧೂಮಕೇತು ಬಂತೆಂದು ಹಳ್ಳಿಗರು ಹೆದರಿದರು. ಸಂತೆಯ ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಮುಂದೆ ಧೂಮಕೇತುಗಳ ದಾರಿಯನ್ನು ಗಣಿತದಿಂದ ಬಿಡಿಸಿದವನ ಮೊದಲ ಧೂಮಕೇತು ಇದು!

೧೬೫೮ರ ಸೆಪ್ಟೆಂಬರ್ ೩ರಂದು, ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್ ಸತ್ತ ದಿನ, ಭಾರಿ ಬಿರುಗಾಳಿ ಬೀಸುತ್ತಿತ್ತು. ಹದಿನೈದರ ನ್ಯೂಟನ್ ಹುಡುಗರೊಡನೆ ಜಿಗಿತದ ಪಂದ್ಯಕ್ಕಿಳಿದ. ಮೊದಲು ಗಾಳಿ ಬೀಸಿದ ಕಡೆಗೆ ಜಿಗಿದು ಅಳತೆ ತೆಗೆದ; ಅನಂತರ ಗಾಳಿಗೆ ಎದುರಾಗಿ. ಗಾಳಿಯಿಲ್ಲದ ದಿನ ಎಷ್ಟು ಜಿಗಿಯಬಲ್ಲನೋ ಅದಕ್ಕೆ ಹೋಲಿಸಿ ಬಿರುಗಾಳಿಯ ಬಲವನ್ನು ಅಡಿಗಳಲ್ಲಿ ಲೆಕ್ಕ ಹಾಕಿದ. ಇದೇ ತನ್ನ ಮೊದಮೊದಲ ಪ್ರಯೋಗವೆಂದು ಮುದಿವಯಸ್ಸಿನಲ್ಲಿ ಅವನು ನೆನೆಸಿಕೊಳ್ಳುತ್ತಿದ್ದ. ಉಪಕರಣವಿಲ್ಲ, ಪ್ರಯೋಗಾಲಯವಿಲ್ಲ, ಇದ್ದದ್ದು ಎರಡು ಕಾಲು, ಒಂದು ಪ್ರಶ್ನೆ.

ಇಷ್ಟಾದರೂ ಅವನ ಓದು ನಿಲ್ಲುವ ಪ್ರಸಂಗ ಬಂತು. ಮಗ ಹೊಲ ನೋಡಿಕೊಳ್ಳಲಿ ಎಂದು ತಾಯಿ ಶಾಲೆ ಬಿಡಿಸಿದಳು. ಕುರಿ ಕಾಯಲು ಕಳಿಸಿದರೆ ಪುಸ್ತಕ ಹಿಡಿದು ಕೂರುತ್ತಿದ್ದ. ಕುರಿಗಳು ಪರರ ಹೊಲಕ್ಕೆ ನುಗ್ಗುತ್ತಿದ್ದವು. ೧೬೫೯ರಲ್ಲಿ ಇದಕ್ಕಾಗಿ ದಂಡವನ್ನೂ ತೆರಬೇಕಾಯಿತು. ಸಂತೆಗೆಂದು ಗ್ರ್ಯಾಂಥಮಿಗೆ ಆಳಿನ ಜೊತೆ ಕಳಿಸಿದರೆ ವ್ಯಾಪಾರವನ್ನು ಆಳಿಗೇ ಬಿಟ್ಟು ಕ್ಲಾರ್ಕನ ಅಟ್ಟ ಸೇರುತ್ತಿದ್ದ. ಅಲ್ಲಿ ಹಳೆಯ ಪುಸ್ತಕಗಳ ರಾಶಿಯಿತ್ತು. ಶಾಲೆಯ ಮುಖ್ಯೋಪಾಧ್ಯಾಯ ಹೆನ್ರಿ ಸ್ಟೋಕ್ಸ್ ಹಾಗೂ ಹುಡುಗನ ಸೋದರಮಾವ ತಾಯಿಯ ಮನವೊಲಿಸಿದರು. ಪರಸ್ಥಳದ ಹುಡುಗರು ಕೊಡಬೇಕಾದ ೪೦ ಷಿಲಿಂಗಿನ ಶುಲ್ಕವನ್ನು ಬಿಟ್ಟುಕೊಡಲೂ ಸ್ಟೋಕ್ಸ್ ಸಿದ್ಧನಾದ. ೧೬೬೦ರಲ್ಲಿ ನ್ಯೂಟನ್ ಮತ್ತೆ ಶಾಲೆಗೆ ಬಂದ. ೧೬೬೧ರ ಜೂನಿನಲ್ಲಿ ಕೇಂಬ್ರಿಜ್ ಸೇರಿದ. ಆ ಮೇಷ್ಟರು ಸುಮ್ಮನಿದ್ದುಬಿಟ್ಟಿದ್ದರೆ ವೂಲ್ಸ್‌ಥಾರ್ಪಿಗೆ ಒಬ್ಬ ಕೆಟ್ಟ ರೈತ ದಕ್ಕುತ್ತಿದ್ದ, ಜಗತ್ತಿಗೆ 'ಪ್ರಿನ್ಸಿಪಿಯಾ' ದಕ್ಕುತ್ತಿರಲಿಲ್ಲ.

ಕೇಳಿ ಬರೆದಿಟ್ಟ ವೈದ್ಯ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಳಿದುಹೋದ ಮನೆಯ ಈ ವಿವರಗಳೆಲ್ಲ ನಮಗೆ ಎಲ್ಲಿಂದ ಬಂದವು?

೧೭೨೬ರಲ್ಲಿ ವಿಲಿಯಮ್ ಸ್ಟೂಕ್ಲಿ ಎಂಬ ವೈದ್ಯ ಲಂಡನ್ ಬಿಟ್ಟು ಗ್ರ್ಯಾಂಥಮಿಗೆ ಬಂದು ನೆಲೆಸಿದ. ಅವನಿಗೆ ಹಳೆಯದೆಂದರೆ ಹುಚ್ಚು. ಏವ್‌ಬರಿ ಎಂಬ ಹಳ್ಳಿಯಲ್ಲಿ ಸಾವಿರಾರು ವರ್ಷಗಳ ಹಿಂದೆ ನೆಟ್ಟ ಬೃಹತ್ ಶಿಲಾವೃತ್ತವನ್ನು ಜನ ಮನೆ ಕಟ್ಟಲು ಒಡೆಯುತ್ತಿದ್ದಾಗ, ವರ್ಷವರ್ಷವೂ ಅಲ್ಲಿಗೆ ಹೋಗಿ ಕಲ್ಲುಗಳ ನಕ್ಷೆ ಬರೆದುಕೊಂಡವನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ನೋವು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವೃದ್ಧ ನ್ಯೂಟನ್ ಅವನ ಸ್ನೇಹಿತ. ೧೭೨೬ರ ಏಪ್ರಿಲ್ ೧೫ರಂದು ಇಬ್ಬರೂ ಲಂಡನ್ನಿನ ಕೆನ್ಸಿಂಗ್‌ಟನ್ನಿನಲ್ಲಿ ಊಟ ಮುಗಿಸಿ ಸೇಬಿನ ಮರಗಳ ನೆರಳಲ್ಲಿ ಚಹ ಕುಡಿಯುತ್ತಿದ್ದಾಗ, ಸೇಬು ಬಿದ್ದದ್ದನ್ನು ಕಂಡು ಗುರುತ್ವಾಕರ್ಷಣೆಯ ವಿಚಾರ ಹೊಳೆದ ಸಂಗತಿಯನ್ನು ನ್ಯೂಟನ್ ಹೇಳಿದ. ಅದನ್ನೂ ಬರೆದಿಟ್ಟವನು ಸ್ಟೂಕ್ಲಿಯೇ. ಮರುವರ್ಷ ಮಾರ್ಚಿಯಲ್ಲಿ ನ್ಯೂಟನ್ ತೀರಿಕೊಂಡ. ಆಗ ಸ್ಟೂಕ್ಲಿ ಗ್ರ್ಯಾಂಥಮಿನ ಬೀದಿಗಳಲ್ಲಿ ಹಳಬರನ್ನು ಹುಡುಕಿ ಹೊರಟ. ಕ್ಲಾರ್ಕನ ಮಲಮಗಳು, ವಿನ್ಸೆಂಟ್ ಎಂಬುವರನ್ನು ಮದುವೆಯಾಗಿದ್ದ ವೃದ್ಧೆ, ಇನ್ನೂ ಬದುಕಿದ್ದಳು. ಅವಳಿಗಾಗ ೮೨ ವರ್ಷ. ಬಾಲ್ಯದಲ್ಲಿ ಅದೇ ಮನೆಯಲ್ಲಿ ನ್ಯೂಟನ್ ಜೊತೆ ಬೆಳೆದವಳು. ತನ್ನ ಗೊಂಬೆಯಾಟಕ್ಕೆ ಅವನು ಪುಟ್ಟ ಮೇಜು, ಕಪಾಟುಗಳನ್ನು ಮಾಡಿಕೊಟ್ಟಿದ್ದನ್ನೂ ಅವನೊಬ್ಬ ಮೌನಿ, ಯೋಚನಾಪರ ಹುಡುಗನಾಗಿದ್ದನ್ನೂ ಅವಳು ಹೇಳಿದಳು. ಎಪ್ಪತ್ತು ವರ್ಷಗಳ ಹಿಂದಿನ ಅಟ್ಟದ ಕೋಣೆ ಅವಳ ಮಾತಿನಲ್ಲಿ ಮತ್ತೆ ಎದ್ದುನಿಂತಿತು.

ಸ್ಟೂಕ್ಲಿ ಇನ್ನೈದು ವರ್ಷ ತಡವಾಗಿ ಬಂದಿದ್ದರೆ? ಅಥವಾ, ಅಂಗಡಿಯವನ ಮಗಳ ಹರಟೆ ಯಾರಿಗೆ ಬೇಕು ಎಂದುಕೊಂಡಿದ್ದರೆ? ಗಾಳಿಗಿರಣಿ, ಇಲಿ, ನೀರಿನ ಗಡಿಯಾರ, ಲಾಂದ್ರ ಕಟ್ಟಿದ ಗಾಳಿಪಟ, ಇದ್ದಿಲ ಚಿತ್ರಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತಿದ್ದವು. ಅವನು ೧೭೫೨ರಲ್ಲಿ ಎಲ್ಲವನ್ನೂ ಒಂದು ಹಸ್ತಪ್ರತಿಯಾಗಿ ಕ್ರೋಡೀಕರಿಸಿದ. ಅದು ಪುಸ್ತಕವಾಗಿ ಅಚ್ಚಾದದ್ದು ೧೯೩೬ರಲ್ಲಿ. ೨೦೧೦ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅದನ್ನು ಎಲ್ಲರೂ ಓದುವಂತೆ ಅಂತರಜಾಲದಲ್ಲಿರಿಸಿತು.

ಮೂಲೆಯ ದಿನಸಿ ಅಂಗಡಿ

ಎರಡನೆಯ ಅಂಗಡಿಯ ಕಾಲ ನಮಗೆ ಹತ್ತಿರದ್ದು. ಆಲ್ಫ್ರೆಡ್ ರಾಬರ್ಟ್ಸ್ ಎಂಬ ಯುವಕ ೧೯೧೯ರಲ್ಲಿ ನಾರ್ತ್ ಪೆರೇಡ್ ಬೀದಿಯ ಮೂಲೆಯಲ್ಲಿ ದಿನಸಿ ಅಂಗಡಿ ಕೊಂಡ. ಅವನಿಗೆ ಮೇಷ್ಟರಾಗುವ ಆಸೆಯಿತ್ತು. ಮನೆಯ ಬಡತನದಿಂದ ೧೩ನೇ ವಯಸ್ಸಿಗೆ ಶಾಲೆ ಬಿಡಬೇಕಾಯಿತು. ಓದು ನಿಂತರೂ ಓದುವ ಚಟ ನಿಲ್ಲಲಿಲ್ಲ. ಊರಿನ ಗ್ರಂಥಾಲಯದಿಂದ ವಾರವಾರವೂ ಪುಸ್ತಕ ತರುತ್ತಿದ್ದ. ಹೊತ್ತು ತರುವ ಕೆಲಸ ಕಿರಿಯ ಮಗಳು ಮಾರ್ಗರೆಟ್‌ಳದು.

ಅಂಗಡಿಯ ಮೇಲೆಯೇ ಮನೆ. ಬಿಸಿನೀರಿನ ನಲ್ಲಿಯಿಲ್ಲ, ಶೌಚಾಲಯ ಹೊರಗೆ. ಕೆಳಗೆ ಮಾತ್ರ ಅಚ್ಚುಕಟ್ಟು. ಥ್ಯಾಚರ್ ೧೯೯೫ರಲ್ಲಿ ಪ್ರಕಟಿಸಿದ ಆತ್ಮಕಥೆಯ ಭಾಗದಲ್ಲಿ ಇದನ್ನು ಅಕ್ಕರೆಯಿಂದ ನೆನೆದಿದ್ದಾರೆ: ಹೊಳೆಯುವ ಹಿತ್ತಾಳೆ ಹಿಡಿಗಳ, ಸಾಂಬಾರ ಪದಾರ್ಥಗಳ ಮರದ ಖಾನೆಗಳು, ಮೇಲೆ ಚಹಾದ ದೊಡ್ಡ ಕಪ್ಪು ಡಬ್ಬಿಗಳು. ಚಹ, ಸಕ್ಕರೆ, ಬಿಸ್ಕತ್ತು ಎಲ್ಲವೂ ಮೂಟೆ, ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಒಂದು ಪೌಂಡು, ಎರಡು ಪೌಂಡು ತೂಗಿ ಪೊಟ್ಟಣ ಕಟ್ಟಬೇಕು. ಶಾಲೆಯಿಂದ ಬಂದ ಹುಡುಗಿ ಅದಕ್ಕೆ ಕೈಗೂಡಿಸುತ್ತಿದ್ದಳು. ಭಾರತದ ಅಕ್ಕಿ, ಕೆನ್ಯಾದ ಕಾಫಿ, ವೆಸ್ಟ್ ಇಂಡೀಸಿನ ಸಕ್ಕರೆ ಒಂದು ಸಣ್ಣ ಊರಿನ ಊಟದ ಮೇಜಿಗೆ ಹೇಗೆ ಬರುತ್ತವೆ ಎಂಬ ಬೆರಗು ತನಗೆ ಹುಟ್ಟಿದ್ದು ಅಲ್ಲಿಯೇ ಎಂದು ಅವರು ಬರೆದಿದ್ದಾರೆ. ನಮ್ಮ ದೇಶದ ಹೆಸರು ಆ ಮನೆಯಲ್ಲಿ ಇನ್ನೊಂದು ಬಗೆಯಲ್ಲೂ ಸುಳಿದಿತ್ತು. ಭಾರತದ ನಾಗರಿಕ ಸೇವೆಗೆ, ಎಂದರೆ ಐಸಿಎಸ್‌ಗೆ, ಸೇರುವ ಆಸೆಯನ್ನು ಹುಡುಗಿ ಹೇಳಿಕೊಂಡಿದ್ದಳು. ನೀನು ದೊಡ್ಡವಳಾಗುವ ಹೊತ್ತಿಗೆ ಆ ಸೇವೆಯೇ ಇರಲಿಕ್ಕಿಲ್ಲ ಎಂದು ತಂದೆ ಎಚ್ಚ​ರಿಸಿದ. ದಿನಸಿ ತೂಗುತ್ತಿದ್ದವನ ದೂರದೃಷ್ಟಿ ನೋಡಿ!

ಮಾರ್ಗರೆಟ್ ೧೯೪೩ರಲ್ಲಿ ಆಕ್ಸ್‌ಫರ್ಡ್ ಸೇರಿ ರಸಾಯನಶಾಸ್ತ್ರ ಓದಿದರು. ಮುಂದೆ ೧೯೬೪ರಲ್ಲಿ ನೊಬೆಲ್ ಪಡೆದ ಡೊರೊಥಿ ಹಾಜ್‌ಕಿನ್ ಅವರ ಗುರು. ಕ್ಷಕಿರಣಗಳಿಂದ ಹರಳುಗಳ ಒಳರಚನೆಯನ್ನು ತಿಳಿಯುವ ವಿದ್ಯೆಯಲ್ಲಿ ಹಾಜ್‌ಕಿನ್ ಹೆಸರಾದವರು. ಅದೇ ಪ್ರಯೋಗಾಲಯದಲ್ಲಿ ಇನ್ಸುಲಿನ್ ಮೇಲೆ ಕೆಲಸ ಮಾಡಿದ ಎಂ. ವಿಜಯನ್ ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಪ್ರೋಟೀನುಗಳ ರಚನೆಯ ಅಧ್ಯಯನಕ್ಕೆ ನಮ್ಮಲ್ಲಿ ತಳಪಾಯ ಹಾಕಿದರು. ಮಾರ್ಗರೆಟ್ ಕೆಲಕಾಲ ಕಾರ್ಖಾನೆಗಳಲ್ಲಿ ರಸಾಯನಶಾಸ್ತ್ರಜ್ಞೆಯಾಗಿ ದುಡಿದು, ಕಾನೂನು ಓದಿ, ರಾಜಕೀಯಕ್ಕೆ ಬಂದು, ೧೯೭೯ರಿಂದ ೧೯೯೦ರವರೆಗೆ ಪ್ರಧಾನಿಯಾಗಿದ್ದರು. ಬ್ರಿಟನ್ನಿನ ಮೊದಲ ಮಹಿಳಾ ಪ್ರಧಾನಿಯಷ್ಟೇ ಅಲ್ಲ, ವಿಜ್ಞಾನದ ಪದವಿ ಪಡೆದ ಮೊದಲ ಪ್ರಧಾನಿಯೂ ಹೌದು.

ಅವರ ಆಡಳಿತದ ಬಗ್ಗೆ ಆ ದೇಶದಲ್ಲಿ ಇಂದಿಗೂ ಒಮ್ಮತವಿಲ್ಲ. ಕಲ್ಲಿದ್ದಲ ಗಣಿಗಳು ಮುಚ್ಚಿ ಕೆಲಸ ಕಳೆದುಕೊಂಡವರು ಅವರನ್ನು ಕ್ಷಮಿಸಿಲ್ಲ. ೨೦೨೨ರ ಮೇ ತಿಂಗಳಲ್ಲಿ ಗ್ರ್ಯಾಂಥಮಿನಲ್ಲಿ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಮೊಟ್ಟೆಗಳು ಬಿದ್ದವು. ಅದೇ ಸೇಂಟ್ ಪೀಟರ್ಸ್ ಹಿಲ್ ಬಯಲಿನಲ್ಲಿ ೧೮೫೮ರಿಂದ ನ್ಯೂಟನ್ನನ ಪ್ರತಿಮೆಯಿದೆ. ಇಬ್ಬರು ಅಂಗಡಿಮನೆಯ ಮಕ್ಕಳು ಈಗ ಒಂದೇ ಬಯಲಿನ ನೆರೆಹೊರೆಯವರು.

ರಾಬರ್ಟ್ಸ್ ಅಂಗಡಿಯ ತಕ್ಕಡಿ, ಖಾನೆಗಳು ಅಲ್ಲಿಂದ ಎಂದೋ ಹೋದವು. ಕಟ್ಟಡ ಒಮ್ಮೆ ಉಪಾಹಾರಗೃಹವಾಯಿತು, ಅನಂತರ ಚಿಕಿತ್ಸಾಲಯವಾಯಿತು. ಗೋಡೆಯ ಮೇಲಿನ ಫಲಕವೊಂದು ಅವರು ಹುಟ್ಟಿದ ಸ್ಥಳವಿದೆಂದು ಹೇಳುತ್ತದೆ. ಆದರೆ ಗೋಡೆ ಉಳಿದರೂ ಒಳಗಿನ ಸಾಂಬಾರ ಪದಾರ್ಥಗಳ ಘಮ ಉಳಿದಿರುವುದು ಮಗಳು ಬರೆದಿಟ್ಟ ಮಾತಿನಲ್ಲಿ ಮಾತ್ರ.

ಗೋಡೆ ಮತ್ತು ಮಾತು

ಗೋಡೆಗಳೂ ಒಮ್ಮೊಮ್ಮೆ ಮಾತನಾಡುವುದುಂಟು, ಕೇಳುವವರಿದ್ದರೆ. ವೂಲ್ಸ್‌ಥಾರ್ಪಿನಲ್ಲಿ ನ್ಯೂಟನ್ ಹುಟ್ಟಿದ ಮನೆಯನ್ನು ಈಗ ನ್ಯಾಷನಲ್ ಟ್ರಸ್ಟ್ ಕಾಪಾಡುತ್ತಿದೆ. ೧೮೨೦ರ ಬಿರುಗಾಳಿಗೆ ಉರುಳಿಯೂ ಮತ್ತೆ ಚಿಗುರಿದ ಸೇಬಿನ ಮರ ಅದರ ಹಿತ್ತಲಲ್ಲಿದೆ. ೨೦೧೭ರಲ್ಲಿ ಆ ಮನೆಯ ಗೋಡೆಯನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿದರು. ಬೇರೆ ಬೇರೆ ಕೋನಗಳಿಂದ ಬೆಳಕು ಬಿಟ್ಟು ಸಾಲುಸಾಲಾಗಿ ಚಿತ್ರ ತೆಗೆದು, ಅವುಗಳನ್ನು ಜೋಡಿಸುವ ಕ್ರಮ ಅದು. ನೆಟ್ಟಗೆ ನೋಡಿದರೆ ಕಾಣದ ಗೀರುಗಳು ಓರೆ ಬೆಳಕಿನಲ್ಲಿ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಒಲೆಯ ಬಳಿಯ ಗೋಡೆಯಲ್ಲಿ ಹೀಗೆ ಮೂಡಿಬಂದದ್ದು ಒಂದು ಗಾಳಿಗಿರಣಿಯ ರೇಖಾಚಿತ್ರ! ಅದು ಬಾಲಕ ನ್ಯೂಟನ್ನನದೇ ಇರಬೇಕೆಂದು ಊಹಿಸಿದರು. ಹಾಗೆ ಊಹಿಸಲು ಆಧಾರವಾದದ್ದು ಏನು? ಅವನು ಗಾಳಿಗಿರಣಿಯ ಹುಚ್ಚು ಹಿಡಿಸಿಕೊಂಡಿದ್ದನೆಂದು ಸ್ಟೂಕ್ಲಿ ಹಳಬರನ್ನು ಕೇಳಿ ಬರೆದಿಟ್ಟ ಮಾತು. ಆ ಮಾತಿಲ್ಲದಿದ್ದರೆ ಗೋಡೆಯ ಗೀರು ಬರಿಯ ಗೀರಾಗಿಯೇ ಉಳಿಯುತ್ತಿತ್ತು.

ಕಟ್ಟಡವನ್ನು ಗಾರೆ, ಕಲ್ಲುಗಳು ಕೆಲಕಾಲ ಉಳಿಸಬಲ್ಲವು. ಅದರೊಳಗೆ ನಡೆದ ಬಾಳನ್ನು ಉಳಿಸುವವರು ಕೇಳುವವರು ಮತ್ತು ಬರೆದಿಡುವವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಇತಿಹಾಸವೂ ಹಾಗೆಯೇ ಕಡೆಗಣನೆಗೆ ಗುರಿಯಾಗುತ್ತದೆ. ದೂರದ ದೊರೆಗಳ ಇಸವಿಗಳನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ತಮ್ಮದೇ ಬೀದಿಯ ಹಳೆಯ ಅಂಗಡಿಯನ್ನು ಯಾರು ಕಟ್ಟಿದರು, ಮೊದಲು ಅಲ್ಲಿ ಏನು ಮಾರುತ್ತಿದ್ದರು ಎಂದು ತಿಳಿದಿರುವುದು ಅಪರೂಪ.

ಈ ಸಲದ ರಜೆಯಲ್ಲಿ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಬೀದಿಯ ಅತ್ಯಂತ ಹಿರಿಯ ಅಜ್ಜಿಯ ಮುಂದೆ ಕುಳಿತುಕೊಳ್ಳಲಿ. ತಂದೆತಾಯಿಗಳು ಅದನ್ನು ಕಾಲಹರಣವೆಂದು ತಿಳಿಯದಿರಲಿ. ನಡುನಡುವೆ ಅಂಗಡಿಯಲ್ಲಿ ಕುಳಿತು ಎರಡು ಪೊಟ್ಟಣ ಕಟ್ಟಿದರೂ ನಷ್ಟವೇನಿಲ್ಲ. ಗ್ರ್ಯಾಂಥಮಿನ ಆ ವೃದ್ಧೆಗೆ ೮೨ ವರ್ಷವಾಗಿತ್ತು. ಅವಳ ಬಾಗಿಲು ತಟ್ಟಿ ಕೇಳಿದವನು ಒಬ್ಬನೇ ಒಬ್ಬ. ಜಗತ್ತಿಗೆ ಅಷ್ಟು ಸಾಕಾಯಿತು.